ಎದೆ ಡವಡವಕ್ಕೆ ಅಬ್ಲೇಶನ್: ‘ಎಷ್ಟು ಪರ್ಸೆಂಟ್ ಸಕ್ಸಸ್?’ ಅಂತ ಕೇಳುವ ಮೊದಲು ಗೊತ್ತಿರಬೇಕಾದ್ದು

ಮಂಗಳೂರು: “ಡಾಕ್ಟ್ರೇ, ಇದು ಮಾಡಿಸಿದ್ರೆ ಎಷ್ಟು ಪರ್ಸೆಂಟ್ ಸರಿ ಆಗ್ತದೆ?”

ಕಂಕನಾಡಿ, ಅಂಬೇಡ್ಕರ್ ವೃತ್ತ, ಕುಂಟಿಕಾನ, ದೇರಳಕಟ್ಟೆ. ನಮ್ಮ ಊರಿನ ಯಾವ ದೊಡ್ಡ ಆಸ್ಪತ್ರೆಯ ಹೃದಯ ವಿಭಾಗದಲ್ಲಾದರೂ ‘ಅಬ್ಲೇಶನ್ ಮಾಡಿಸಿ’ ಎಂದು ಹೇಳಿದ ಕೂಡಲೇ ಮನೆಯವರ ಬಾಯಿಂದ ಬರುವ ಪ್ರಶ್ನೆ ಇದೇ. ಪ್ರಶ್ನೆ ತಪ್ಪಲ್ಲ. ದುಡ್ಡು ಹಾಕುವವರು, ಮಂಚದ ಮೇಲೆ ಮಲಗುವವರು ಕೇಳಲೇಬೇಕು. ಆದರೆ ಇದಕ್ಕೆ ಒಂದೇ ಉತ್ತರ ಇಲ್ಲ. ಒಬ್ಬರಿಗೆ ನೂರರಲ್ಲಿ 95 ಇರುವ ಲೆಕ್ಕ ಇನ್ನೊಬ್ಬರಿಗೆ 50ಕ್ಕೆ ಇಳಿಯಬಹುದು. ಆ ವ್ಯತ್ಯಾಸದ ದೊಡ್ಡ ಪಾಲು ತೀರ್ಮಾನ ಆಗುವುದು ಕ್ಯಾಥ್ ಲ್ಯಾಬ್ ಒಳಗೆ ಅಲ್ಲ, ಅದಕ್ಕೆ ಮೊದಲು ನಮ್ಮ ತಾಲೂಕಿನಲ್ಲಿ ಮತ್ತು ಅದಾದ ಮೇಲೆ ನಮ್ಮ ಮನೆಯಲ್ಲಿ.

ಹಾಸನದ ನಂತರ ಉಳಿದ ಗೊಂದಲ

2025ರ ಜೂನ್-ಜುಲೈಯಲ್ಲಿ ಪಕ್ಕದ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸಾವು ವರದಿಯಾದಾಗ ಘಟ್ಟದ ಕೆಳಗೂ ಹೆದರಿಕೆ ಹರಡಿತ್ತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಕ್ಯೂ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯನ್ನು ತಾಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವ ಮಾತು ಬಂತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಅಪ್ಪು ತೀರಿಕೊಂಡ ಮೇಲೆ ನಮ್ಮ ಜನಕ್ಕೆ ಎದೆ ಎಂದ ಕೂಡಲೇ ಭಯ. ಇದರ ಒಳ್ಳೆಯ ಫಲ ಏನೆಂದರೆ, ಮೊದಲು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗುತ್ತಿದ್ದವರು ಇಸಿಜಿ ಮಾಡಿಸಲು ಹೋಗುತ್ತಿದ್ದಾರೆ.

ಗೊಂದಲ ಮಾತ್ರ ಉಳಿದಿದೆ. ಹೃದಯಾಘಾತ ಬೇರೆ, ಹೃದಯದ ಬಡಿತ ತಪ್ಪುವ ಕಾಯಿಲೆ ಬೇರೆ. ಮೊದಲನೆಯದು ನೀರಿನ ಪೈಪಿನಲ್ಲಿ ಕಸ ಕಟ್ಟಿದ ಹಾಗೆ. ರಕ್ತನಾಳ ಬ್ಲಾಕ್ ಆಗುತ್ತದೆ, ಅದಕ್ಕೆ ಸ್ಟೆಂಟ್ ಅಥವಾ ಬೈಪಾಸ್. ಎರಡನೆಯದು ಮನೆಯ ವೈರಿಂಗ್ ತಪ್ಪಿದ ಹಾಗೆ. ಹೃದಯ ಬಡಿಯಬೇಕಾದರೆ ಅದರೊಳಗೆ ಸಣ್ಣ ಕರೆಂಟ್ ಸರಿಯಾದ ದಾರಿಯಲ್ಲಿ ಹರಿಯಬೇಕು. ಹುಟ್ಟಿನಿಂದ ಒಂದು ಹೆಚ್ಚುವರಿ ದಾರಿ ಇದ್ದರೆ, ಅಥವಾ ಎಲ್ಲಿಂದಲೋ ತಪ್ಪು ಕಿಡಿ ಹೊರಟರೆ, ಬಡಿತ ಓಡುತ್ತದೆ ಇಲ್ಲವೇ ಲಯ ತಪ್ಪುತ್ತದೆ.

ಅಬ್ಲೇಶನ್ ಎಂದರೆ ತೊಡೆಯ ಸಂದಿಯ ರಕ್ತನಾಳದಿಂದ ತೆಳು ವೈರಿನಂಥ ಕ್ಯಾಥೆಟರನ್ನು ಹೃದಯದೊಳಗೆ ಕಳಿಸಿ, ತಪ್ಪು ಕಿಡಿ ಬರುವ ಜಾಗವನ್ನು ಹುಡುಕಿ, ಕೆಲವೇ ಮಿಲಿಮೀಟರ್ ಅಗಲದ ಜಾಗವನ್ನು ಬಿಸಿಯಿಂದ ಸುಡುವುದು ಅಥವಾ ತಂಪಿನಿಂದ ಹೆಪ್ಪುಗಟ್ಟಿಸುವುದು. ಎದೆ ತೆರೆಯುವುದಿಲ್ಲ. ಇದು ಬ್ಲಾಕ್ ತೆಗೆಯುವ ಚಿಕಿತ್ಸೆ ಅಲ್ಲ. ‘ಹಾಸನದ ಹಾಗೆ ಆಗಬಾರದು, ಅದಕ್ಕೆ ಅಬ್ಲೇಶನ್ ಮಾಡಿಸ್ತೇನೆ’ ಎಂದು ಯಾರಾದರೂ ಹೇಳಿದರೆ ಅವರಿಗೆ ಯಾರೋ ಅರ್ಧ ವಿಷಯ ಮಾತ್ರ ಹೇಳಿದ್ದಾರೆ ಎಂದರ್ಥ.

ಹೆಸರು ಒಂದೇ, ಕಾಯಿಲೆ ಬೇರೆ ಬೇರೆ

ಗೆಲುವಿನ ಲೆಕ್ಕದಲ್ಲಿ ಮೊದಲ ಅಂಶ: ಯಾವ ಬಗೆಯ ಬಡಿತದೋಷ ಎಂಬುದು.

ಒಂದು, ಎಸ್‌ವಿಟಿ. ಸ್ವಿಚ್ ಹಾಕಿದ ಹಾಗೆ ಒಮ್ಮೆಲೇ ಎದೆ ಓಡಲು ಶುರು, ನಿಮಿಷಕ್ಕೆ 150ರಿಂದ 200ರ ಮೇಲೂ ಹೋಗಬಹುದು. ಸ್ವಲ್ಪ ಹೊತ್ತಿಗೆ ಒಮ್ಮೆಲೇ ನಿಲ್ಲುತ್ತದೆ. ಹೆಚ್ಚಾಗಿ ಯುವಕರು, ಮಧ್ಯವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ. ಹೃದಯ ಉಳಿದಂತೆ ಗಟ್ಟಿಯಾಗಿಯೇ ಇರುತ್ತದೆ. ಇದರಲ್ಲಿ ಅಬ್ಲೇಶನ್ ನೂರರಲ್ಲಿ ಸುಮಾರು 95 ಮಂದಿಗೆ ಫಲ ಕೊಡುತ್ತದೆ. ಮತ್ತೆ ಬರುವುದು ಕೆಲವರಿಗೆ ಮಾತ್ರ. ಹೃದಯದ ಸಹಜ ವೈರಿಂಗಿಗೆ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಅಪಾಯ ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ.

ಎರಡು, ಏಟ್ರಿಯಲ್ ಫ್ಲಟರ್. ಇದರ ಸಾಮಾನ್ಯ ಬಗೆಯಲ್ಲೂ ಫಲ 90ರ ಮೇಲೆ. ಆದರೆ ಇವರಲ್ಲಿ ಹಲವರಿಗೆ ಮುಂದೆ ಮೂರನೆಯ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಮೂರು, ಏಟ್ರಿಯಲ್ ಫಿಬ್ರಿಲೇಶನ್, ಚಿಕ್ಕದಾಗಿ ಎಎಫ್. ಹೃದಯದ ಮೇಲಿನ ಕೋಣೆ ಬಡಿಯುವ ಬದಲು ನಡುಗುತ್ತದೆ, ನಾಡಿ ಲೆಕ್ಕ ತಪ್ಪಿ ಓಡುತ್ತದೆ. ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಬಂದು ಹೋಗುವ ಎಎಫ್‌ನಲ್ಲಿ ಒಂದು ಸಲದ ಅಬ್ಲೇಶನ್ ಬಳಿಕ ಒಂದು ವರ್ಷ ತೊಂದರೆ ಇಲ್ಲದೆ ಇರುವವರು ನೂರರಲ್ಲಿ ಸುಮಾರು 70ರಿಂದ 80. ಬಿಡದೆ ಹಿಡಿದುಕೊಂಡ ಎಎಫ್ ಆದರೆ 50ರಿಂದ 60ರ ಹತ್ತಿರ. ಎರಡನೇ ಸಲ ಮಾಡಬೇಕಾಗುವುದು ಅಪರೂಪವೇನಲ್ಲ.

ನಾಲ್ಕು, ಕೆಳಕೋಣೆಯಿಂದ ಬರುವ ವಿಟಿ. ಹೃದಯಾಘಾತ ಆಗಿ ಗಾಯದ ಕಲೆ ಉಳಿದವರಲ್ಲಿ ಇದು ಅಪಾಯಕಾರಿ. ಇಲ್ಲಿ ಅಬ್ಲೇಶನ್ ಕಾಟವನ್ನು ಕಡಿಮೆ ಮಾಡುತ್ತದೆ. ಆದರೆ ಎದೆಯಲ್ಲಿ ಕೂರಿಸುವ ಐಸಿಡಿ ಎಂಬ ರಕ್ಷಣಾ ಯಂತ್ರದ ಜಾಗವನ್ನು ತುಂಬುವುದಿಲ್ಲ.

ಈಗ ನೋಡಿ. ಪಕ್ಕದ ಅಂಗಡಿಯ ಅಣ್ಣನಿಗೆ ‘ಒಂದೇ ಸಲಕ್ಕೆ ಸರಿ ಆಯ್ತು’ ಎಂದರೆ ಅವರದ್ದು ಎಸ್‌ವಿಟಿ ಇರಬಹುದು. ನಿಮ್ಮದು ಐದು ವರ್ಷದ ಎಎಫ್ ಇರಬಹುದು. ಎರಡಕ್ಕೂ ಹೆಸರು ಅಬ್ಲೇಶನ್ನೇ.

ನಮ್ಮ ದೇಶದ ಎಎಫ್‌ಗೆ ಇನ್ನೊಂದು ಮುಖ ಉಂಟು. ವಿದೇಶದಲ್ಲಿ ಎಎಫ್ ಎಂದರೆ ಹೆಚ್ಚಾಗಿ 70 ದಾಟಿದವರ ಕಾಯಿಲೆ. ಭಾರತೀಯ ಹಾರ್ಟ್ ರಿದಮ್ ಸೊಸೈಟಿ ದೇಶದ ಹಲವು ಆಸ್ಪತ್ರೆಗಳಿಂದ ಒಟ್ಟು ಮಾಡಿದ ಲೆಕ್ಕದಲ್ಲಿ ರೋಗಿಗಳ ಸರಾಸರಿ ವಯಸ್ಸು 55ರ ಹತ್ತಿರ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರುಮ್ಯಾಟಿಕ್ ಕಾಯಿಲೆಯಿಂದ ಕೆಟ್ಟ ವಾಲ್ವ್. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಗಂಟು ನೋವು ಬಂದು ಸರಿಯಾದ ಮದ್ದು ಆಗದವರಿಗೆ ಬರುವ ಕಾಯಿಲೆ ಅದು. ಅಂಥವರಿಗೆ ಮೊದಲು ವಾಲ್ವ್ ವಿಷಯ ಇತ್ಯರ್ಥ ಆಗಬೇಕು. ಅಮೆರಿಕದ ವೆಬ್‌ಸೈಟಿನಲ್ಲಿ ಓದಿದ 80 ಪರ್ಸೆಂಟ್ ಲೆಕ್ಕ ಅವರಿಗೆ ಹೊಂದುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಕೂಡ ಬೇರೆ. ಮೈಟ್ರಲ್ ವಾಲ್ವ್ ಕಿರಿದಾಗಿರುವ ಇವರಿಗೆ ಹೊಸ ಮಾತ್ರೆಗಳಿಗಿಂತ ಹಳೆಯ ಬಗೆಯ, ಆಗಾಗ ಐಎನ್‌ಆರ್ ರಕ್ತಪರೀಕ್ಷೆ ಬೇಕಾಗುವ ಮಾತ್ರೆಯೇ ಮೇಲು ಎಂದು 2022ರ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿದೆ.

ಫಾಲ್ಟ್ ಇರುವಾಗಲೇ ಲೈನ್‌ಮನ್ ಬರಬೇಕು

ಎರಡನೇ ಅಂಶ ಪೂರ್ತಿ ನಮ್ಮ ತಾಲೂಕುಗಳ ಕೈಯಲ್ಲಿ ಉಂಟು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಮೆಸ್ಕಾಂ ಲೈನ್‌ಮನ್ ಬರುವ ಹೊತ್ತಿಗೆ ಎಲ್ಲ ಸರಿ ಇದ್ದರೆ ಅವರಾದರೂ ಎಲ್ಲಿ ಅಂತ ಹುಡುಕುವುದು? ಬಡಿತದ ಕಾಯಿಲೆಯೂ ಹೀಗೆಯೇ. ಸುಳ್ಯದಲ್ಲಿ ರಾತ್ರಿ ಎದೆ ಓಡಿತು. ಬೆಳಗಾದ ಮೇಲೆ ಸುಮಾರು 85 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಮಂಗಳೂರಿಗೆ ಬಂದು ಇಸಿಜಿ ಮಾಡಿಸಿದರೆ ‘ನಾರ್ಮಲ್’. ಎಕೋ ನಾರ್ಮಲ್. ‘ಟೆನ್ಶನ್ ಮಾಡ್ಬೇಡಿ’ ಎಂದು ವಾಪಸ್. ಹೀಗೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ, ಹೆದರಿಕೆಯ ಮಾತ್ರೆ ತಿನ್ನುತ್ತಾ ಇರುವವರು ಉಂಟು. ಹೆಂಗಸರಿಗಂತೂ ‘ಅವಳಿಗೆ ಮನಸ್ಸಿನ ಕಾಯಿಲೆ’ ಎಂಬ ಹಣೆಪಟ್ಟಿ ಬೇರೆ.

ಎದೆ ಓಡುತ್ತಿರುವಾಗಲೇ ತೆಗೆದ ಒಂದು ಇಸಿಜಿ ಹತ್ತು ನಾರ್ಮಲ್ ಇಸಿಜಿಗಿಂತ ಹೆಚ್ಚು ಹೇಳುತ್ತದೆ. ಯಾವ ಬಗೆ, ಎಲ್ಲಿಂದ, ಅಬ್ಲೇಶನ್ ಬೇಕಾ, ಬೇಕಾದರೆ ಫಲದ ನಿರೀಕ್ಷೆ ಎಷ್ಟು ಎಂಬುದಕ್ಕೆ ಆ ಕಾಗದವೇ ದಾರಿ. ಹಾಗಾಗಿ ತೊಂದರೆ ಬಂದ ಕೂಡಲೇ ಮಂಗಳೂರಿಗೆ ಹೊರಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಿ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ, ಎಲ್ಲಿಯಾದರೂ ಸರಿ. ತಲೆಸುತ್ತಿ ಬಿದ್ದರೆ, ಎದೆ ನೋವು, ಉಸಿರು ಕಟ್ಟುವುದು ಇದ್ದರೆ 108ಕ್ಕೆ ಕರೆ ಮಾಡಿ, ಒಬ್ಬರೇ ಗಾಡಿ ಬಿಡಬೇಡಿ.

ಇನ್ನೊಂದು ಸಣ್ಣ ವಿಷಯ. ಓಡುವ ಬಡಿತವನ್ನು ನಿಲ್ಲಿಸುವ ಇಂಜೆಕ್ಷನ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಬಡಿತ ಸರಿ ಆಗುತ್ತದೆ, ರೋಗಿಗೆ ಹಾಯೆನಿಸುತ್ತದೆ, ಸಾಕ್ಷಿಯೂ ಅಳಿಸಿ ಹೋಗುತ್ತದೆ. ರೋಗಿ ಸ್ಥಿರವಾಗಿದ್ದರೆ ಇಂಜೆಕ್ಷನ್‌ಗೆ ಮೊದಲು ಇಸಿಜಿ ತೆಗೆದು, ಆ ಕಾಗದವನ್ನು ರೋಗಿಯ ಕೈಗೆ ಕೊಟ್ಟರೆ ಅದೇ ದೊಡ್ಡ ಉಪಕಾರ. ಅಂಗಡಿಯವರಿಗೆ ಗೊತ್ತೇ ಇದೆ, ಬಿಲ್ಲಿಂಗ್ ಮಿಷನ್ನಿನ ಕಾಗದ ಕೆಲವೇ ತಿಂಗಳಲ್ಲಿ ಮಾಸಿ ಬಿಳಿ ಆಗುತ್ತದೆ. ಇಸಿಜಿ ಕಾಗದವೂ ಹೆಚ್ಚಾಗಿ ಅದೇ ಜಾತಿ. ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಜೆರಾಕ್ಸ್ ಮಾಡಿಸಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಒಳ್ಳೆಯ ಬುನಾದಿ ಈಗಾಗಲೇ ಉಂಟು. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಕೆಲಸ ಹಲವರಿಗೆ ಗೊತ್ತು. ಹಳ್ಳಿಯ ವೈದ್ಯರು ವಾಟ್ಸ್ಆ್ಯಪ್‌ನಲ್ಲಿ ಇಸಿಜಿ ಕಳಿಸಿ ತಜ್ಞರ ಅಭಿಪ್ರಾಯ ಪಡೆಯುವ ವ್ಯವಸ್ಥೆ ಅದು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನೂ ಕೊಟ್ಟಿದ್ದಾರೆ. ಮುಖ್ಯ ಗುರಿ ಹೃದಯಾಘಾತವನ್ನು ಬೇಗ ಹಿಡಿಯುವುದು. ಆದರೆ ಅದೇ ಯಂತ್ರ, ಅದೇ ಮೊಬೈಲ್ ಬಡಿತದೋಷವನ್ನೂ ಹಿಡಿಯುತ್ತದೆ.

ಎಷ್ಟು ಹಳೆಯದಾಗಿದೆ?

ಮೂರನೇ ಅಂಶ ಕಾಲ. ಎಎಫ್ ಬಂದು ಬಂದು ಮೇಲಿನ ಎಡಕೋಣೆ ದೊಡ್ಡದಾಗುತ್ತಾ, ಅಲ್ಲಿ ನಾರು ಕಟ್ಟುತ್ತಾ ಹೋಗುತ್ತದೆ. ಗದ್ದೆಯಲ್ಲಿ ನೀರು ಹರಿದೂ ಹರಿದೂ ಹೊಸ ತೋಡು ಬಿದ್ದ ಹಾಗೆ, ತಪ್ಪು ಕರೆಂಟಿಗೆ ಹೊಸ ದಾರಿಗಳು ಆಗುತ್ತವೆ. ಕಾಯಿಲೆ ಗೊತ್ತಾಗಿ ಒಂದು ವರ್ಷದೊಳಗೆ ಅಬ್ಲೇಶನ್ ಆದವರಲ್ಲಿ ಅದು ಮರುಕಳಿಸುವುದು ಕಡಿಮೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಂಡಿದೆ.

ಹಾಗೆಂದು ‘ಈ ವಾರವೇ ಮಾಡಿಸದಿದ್ರೆ ಆಗ್ಲಿಕ್ಕಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ. 2023ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲವರಿಗೆ ಒಂದು ತಿಂಗಳೊಳಗೆ, ಕೆಲವರಿಗೆ ಮಾತ್ರೆ ಕೊಟ್ಟು ಒಂದು ವರ್ಷ ಬಿಟ್ಟು ಅಬ್ಲೇಶನ್ ಮಾಡಿ ಹೋಲಿಸಿದ್ದರು. ಫಲದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಸಣ್ಣ ಅಧ್ಯಯನ, ನಿಜ. ಆದರೂ ಪಾಠ ಸ್ಪಷ್ಟ: ಎರಡನೇ ಅಭಿಪ್ರಾಯ ಕೇಳಲು, ದುಡ್ಡು ಹೊಂದಿಸಲು, ಕಾರ್ಡಿನ ಕೆಲಸ ಮಾಡಿಸಲು ಸಾಮಾನ್ಯವಾಗಿ ಸಮಯ ಉಂಟು. ಆದರೆ ಐದು, ಹತ್ತು ವರ್ಷ ತಳ್ಳಲು ಸಮಯ ಇಲ್ಲ.

ಮಿಷನ್ ಹೊಸತಾ, ಕೈ ಪಳಗಿದ್ದಾ?

‘ಅಲ್ಲಿ ತ್ರೀಡಿ ಮಿಷನ್ ಉಂಟಂತೆ’, ‘ಇಲ್ಲಿ ಬಲೂನ್ ಉಂಟಂತೆ’ ಎಂಬ ಮಾತು ಈಗ ಮದುವೆ ಮನೆಯಲ್ಲೂ ಕೇಳುತ್ತದೆ. ಬಿಸಿಯಿಂದ ಸುಡುವುದಕ್ಕೂ ತಂಪಿನ ಬಲೂನಿಗೂ 2016ರ ಯುರೋಪಿನ ದೊಡ್ಡ ಅಧ್ಯಯನದಲ್ಲಿ ಎಎಫ್ ಫಲ ಸರಿಸಮ ಬಂತು. ಈಚಿನ ಪಲ್ಸ್ ಫೀಲ್ಡ್ ವಿಧಾನ ಅನ್ನನಾಳದಂಥ ಅಕ್ಕಪಕ್ಕದ ಅಂಗಗಳಿಗೆ ಕಡಿಮೆ ಅಪಾಯದ್ದು, ಕೆಲಸವೂ ಬೇಗ ಮುಗಿಯುತ್ತದೆ. ಆದರೆ 2023ರ ಹೋಲಿಕೆಯಲ್ಲಿ ಒಂದು ವರ್ಷದ ಫಲ ಹಳೆಯ ವಿಧಾನಗಳ ಆಸುಪಾಸಿನಲ್ಲೇ ನಿಂತಿತು. ಸಾಮಾನ್ಯ ಎಸ್‌ವಿಟಿಗೆ ಹಲವು ಸಲ ಸಾದಾ ವಿಧಾನವೇ ಸಾಕು. ಕ್ಲಿಷ್ಟ ಪ್ರಕರಣಕ್ಕೆ ತ್ರೀಡಿ ಮ್ಯಾಪಿಂಗ್ ನಿಜವಾಗಿ ಬೇಕು.

ಅದಕ್ಕಿಂತ ದೊಡ್ಡದು ಕೈಯ ಪಳಗಿಕೆ. ಸ್ಟೆಂಟ್ ಹಾಕುವ ತಜ್ಞರೆಲ್ಲ ಈ ಕೆಲಸ ಮಾಡುವುದಿಲ್ಲ. ಇದಕ್ಕೆ ಎಲೆಕ್ಟ್ರೋಫಿಸಿಯಾಲಜಿ ಎಂಬ ಬೇರೆಯೇ ತರಬೇತಿ ಬೇಕು. ಅಂಥವರು ದೇಶದಲ್ಲೇ ಕಡಿಮೆ. ವರ್ಷಕ್ಕೆ ಹೆಚ್ಚು ಮಾಡುವ ವೈದ್ಯರ, ಆಸ್ಪತ್ರೆಯ ಕೈಯಲ್ಲಿ ತೊಂದರೆ ಕಡಿಮೆ ಎಂಬುದು ಪದೇ ಪದೇ ಕಂಡ ಸತ್ಯ. ‘ಡಾಕ್ಟ್ರೇ, ನನ್ನಂಥ ಕೇಸ್ ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ?’ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ತೊಂದರೆಯೇ ಇಲ್ಲ ಎಂದಲ್ಲ. ತೊಡೆಯಲ್ಲಿ ರಕ್ತ ಕಟ್ಟುವುದು ಉಂಟು. ಎಎಫ್ ಅಬ್ಲೇಶನ್‌ನಲ್ಲಿ ಹೃದಯದ ಸುತ್ತ ರಕ್ತ ತುಂಬುವುದು ನೂರಕ್ಕೆ ಒಂದರ ಆಸುಪಾಸು, ಸ್ಟ್ರೋಕ್ ಅದಕ್ಕಿಂತ ಕಡಿಮೆ. ಅದಕ್ಕೇ, ಅಗತ್ಯ ಬಿದ್ದರೆ ಹೃದಯದ ಶಸ್ತ್ರಚಿಕಿತ್ಸಕರು ಅದೇ ಕಟ್ಟಡದಲ್ಲಿ ಸಿಗುತ್ತಾರಾ ಎಂದು ಕೇಳಬೇಕು.

ರೋಗಿಯ ಕಡೆಯಿಂದಲೂ ಒಂದು ತಪ್ಪು ಆಗುತ್ತದೆ. ಎಸ್‌ವಿಟಿ ಅಬ್ಲೇಶನ್‌ಗೆ ಮೊದಲು ಬಡಿತ ನಿಧಾನ ಮಾಡುವ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಲು ಹೇಳುತ್ತಾರೆ. ಹೆದರಿ ತಿಂದುಕೊಂಡೇ ಬಂದರೆ ಒಳಗೆ ಬಡಿತವನ್ನು ಎಬ್ಬಿಸಲಿಕ್ಕೇ ಆಗುವುದಿಲ್ಲ. ಎಬ್ಬಿಸದೆ ಜಾಗ ಸಿಗುವುದು ಕಷ್ಟ. ಆದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆಯ ಲೆಕ್ಕವೇ ಬೇರೆ.

ಮನೆಗೆ ಬಂದ ಮೇಲಿನ ಪರೀಕ್ಷೆ

ಎಎಫ್‌ನಲ್ಲಿ ಅರ್ಧ ಆಟ ಇರುವುದು ಇಲ್ಲಿ. ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು 2014 ಮತ್ತು 2015ರಲ್ಲಿ ಪ್ರಕಟಿಸಿದ ಎರಡು ಅಧ್ಯಯನ ಇದನ್ನು ಜಗತ್ತಿಗೇ ತೋರಿಸಿದವು. ಅಬ್ಲೇಶನ್ ಜೊತೆ ತೂಕ, ಬಿಪಿ, ಶುಗರ್, ಗೊರಕೆ, ಕುಡಿತ, ಸಿಗರೇಟು ಇವನ್ನೆಲ್ಲ ಹಿಡಿತಕ್ಕೆ ತಂದವರ ಫಲ ಉಳಿದವರಿಗಿಂತ ತುಂಬಾ ಮೇಲೆ. ದೇಹದ ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿಸಿ ಉಳಿಸಿಕೊಂಡವರು ಎಎಫ್ ಇಲ್ಲದೆ ಇರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು. ಕುಡಿತದ ಬಗ್ಗೆ 2020ರ ಇನ್ನೊಂದು ಆಸ್ಟ್ರೇಲಿಯಾ ಅಧ್ಯಯನ ಉಂಟು. ನಿತ್ಯ ಕುಡಿಯುವ ಎಎಫ್ ರೋಗಿಗಳಲ್ಲಿ ಕುಡಿತ ಮುಂದುವರಿಸಿದವರಲ್ಲಿ 73 ಪರ್ಸೆಂಟ್ ಜನಕ್ಕೆ ಆರು ತಿಂಗಳಲ್ಲಿ ಮತ್ತೆ ಬಂತು, ಬಿಡಲು ಒಪ್ಪಿದವರಲ್ಲಿ 53 ಪರ್ಸೆಂಟ್ ಜನಕ್ಕೆ.

ನಮ್ಮ ಅಂಗಡಿಯವರ ದಿನಚರಿ ಯೋಚಿಸಿ. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸುವುದು. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂತದ್ದು. ಹತ್ತೂವರೆಗೆ ಊಟ, ಕೂಡಲೇ ನಿದ್ದೆ. ಗೊರಕೆ ಕೇಳಿ ಮನೆಯವರು ಬೇರೆ ಕೋಣೆಗೆ ಹೋಗುವುದು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಅದಕ್ಕೆ ಚಿಕಿತ್ಸೆ ಆಗದಿದ್ದರೆ ಎಎಫ್ ಮತ್ತೆ ಬರುವ ಸಾಧ್ಯತೆ ಹೆಚ್ಚು. ಲಕ್ಷಗಟ್ಟಲೆ ಕೊಟ್ಟು ಸುಟ್ಟ ಜಾಗದ ಪಕ್ಕದಲ್ಲೇ ಹೊಸ ಕಿಡಿ ಹುಟ್ಟಿದರೆ ಕ್ಯಾಥೆಟರನ್ನು ಬೈದು ಪ್ರಯೋಜನ ಇಲ್ಲ.

ಇನ್ನೊಂದು ಕರಾವಳಿಯದ್ದೇ ವಿಷಯ. ಗಲ್ಫ್‌ನಲ್ಲಿ ಇರುವವರು ಒಂದು ತಿಂಗಳ ರಜೆಯಲ್ಲಿ ಬಂದು ‘ಎಲ್ಲ ಮುಗಿಸಿ ಹೋಗುವ’ ಎಂದು ಹೊರಡುತ್ತಾರೆ. ಎಎಫ್ ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳು ಸುಟ್ಟ ಜಾಗ ಒಣಗುವ ಕಾಲ. ಆಗ ಬಡಿತ ತಪ್ಪಿದರೆ ಸೋತಿತು ಎಂದರ್ಥ ಅಲ್ಲ, ಆದರೆ ವೈದ್ಯರಿಗೆ ತಿಳಿಸಬೇಕು. ಕನಿಷ್ಠ ಆ ಅವಧಿಗೆ ರಕ್ತ ತೆಳು ಮಾಡುವ ಮಾತ್ರೆ ತಪ್ಪಲೇಬಾರದು. ಅದರ ನಂತರವೂ ವಯಸ್ಸು, ಬಿಪಿ, ಶುಗರ್, ಹಿಂದಿನ ಸ್ಟ್ರೋಕ್ ನೋಡಿ ಹಲವರಿಗೆ ಮುಂದುವರಿಸುತ್ತಾರೆ. ‘ಎದೆ ಸರಿ ಆಯ್ತಲ್ಲ’ ಎಂದು ಬಿಟ್ಟರೆ ಸ್ಟ್ರೋಕ್ ಅಪಾಯ ನಿಮ್ಮದೇ. ವಿಮಾನ ಹತ್ತುವ ಮೊದಲು ಅಲ್ಲಿಯ ಫಾಲೋಅಪ್ ಯಾರು ಎಂದು ನಿರ್ಧಾರ ಆಗಿರಲಿ. ಅಬ್ಲೇಶನ್ ಆಗಿ ಕೆಲವು ವಾರದೊಳಗೆ ಜ್ವರ, ನುಂಗಲು ಕಷ್ಟ, ಎದೆ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಅಬ್ಲೇಶನ್ ಆದದ್ದನ್ನು ಹೇಳಿ. ಅನ್ನನಾಳಕ್ಕೆ ತೂತಾಗುವ ಅಪರೂಪದ, ಆದರೆ ಜೀವಕ್ಕೆ ಕುತ್ತಾಗುವ ತೊಂದರೆಯ ಲಕ್ಷಣ ಅದು.

ದುಡ್ಡಿನ ಲೆಕ್ಕ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಗರಿಷ್ಠ 1.5 ಲಕ್ಷ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಅಬ್ಲೇಶನ್ ಬಹುಪಾಲು ಮೊದಲೇ ದಿನ ಗೊತ್ತುಮಾಡಿ ಮಾಡುವ ಚಿಕಿತ್ಸೆ. ಹಾಗಾಗಿ ಮೊದಲು ವೆನ್ಲಾಕ್‌ಗೋ ತಾಲೂಕು ಆಸ್ಪತ್ರೆಗೋ ಹೋಗಿ ಕಾಗದ ಸರಿ ಮಾಡಿಸಿಕೊಳ್ಳಿ. ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಎರಡು ವಿಷಯ ಕೇಳಿ: ನನಗೆ ಹೇಳಿದ ಬಗೆಯ ಅಬ್ಲೇಶನ್ ಈ ಕಾರ್ಡಿನಲ್ಲಿ ಉಂಟಾ? ತ್ರೀಡಿ ಮ್ಯಾಪಿಂಗ್, ಕ್ಯಾಥೆಟರ್ ಖರ್ಚು ಒಳಗೆ ಬರುತ್ತದಾ, ಹೊರಗೆ ಕಟ್ಟಬೇಕಾ? ಉತ್ತರ ಬರವಣಿಗೆಯಲ್ಲಿ ಇರಲಿ. ಮಂಜೇಶ್ವರ, ಕಾಸರಗೋಡು ಕಡೆಯಿಂದ ಬರುವವರು ಕೇರಳದ ಕಾರ್ಡ್ ಇಲ್ಲಿಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಆಗಬೇಕಾದ್ದು ಏನು?

ಮಂಗಳೂರಿಗೆ ಆಸ್ಪತ್ರೆಯ ಬರ ಇಲ್ಲ. ಕೊಂಡಿ ತಪ್ಪುತ್ತಿರುವುದು ತಾಲೂಕಿನಲ್ಲಿ. ಹೃದಯ ಜ್ಯೋತಿಯ ಇಸಿಜಿ ವ್ಯವಸ್ಥೆ ‘ಎದೆ ನೋವು’ ಎಂದು ಬಂದವರಿಗೆ ಮಾತ್ರ ಅಲ್ಲ, ‘ಎದೆ ಓಡ್ತಾ ಉಂಟು’ ಎಂದು ಬಂದವರಿಗೂ ಅಷ್ಟೇ ಬೇಗ ಸಿಗಬೇಕು. ಕಾಗದ ರೋಗಿಯ ಕೈಗೆ ಬರಬೇಕು. ಅಬ್ಲೇಶನ್ ಆಗಿ ಊರಿಗೆ ಮರಳಿದವರ ಬಿಪಿ, ಶುಗರ್, ತೂಕ, ಮಾತ್ರೆ ನೋಡಿಕೊಳ್ಳುವ ಕೆಲಸ ಅಲ್ಲಿಯದೇ ಆರೋಗ್ಯ ಕೇಂದ್ರದಲ್ಲಿ ಆಗಬೇಕು. ಅದಕ್ಕೆ ಹೊಸ ಕಟ್ಟಡ ಬೇಡ, ಕೋಟಿ ರೂಪಾಯಿಯ ಯಂತ್ರವೂ ಬೇಡ. ಒಂದು ಸುತ್ತೋಲೆ, ಒಂದು ತರಬೇತಿ ಸಾಕು. ನಮ್ಮ ಜನಪ್ರತಿನಿಧಿಗಳು ಕೆಡಿಪಿ ಸಭೆಯಲ್ಲಿ ಈ ಒಂದು ಪ್ರಶ್ನೆ ಎತ್ತಿದರೂ ಸಾಕಿತ್ತು.

ನಾವು ಕೂಡ ಪ್ರಶ್ನೆಯನ್ನು ಬದಲಿಸಬೇಕು. ‘ಎಷ್ಟು ಪರ್ಸೆಂಟ್?’ ಎಂದು ಕೇಳುವ ಮೊದಲು ಹೀಗೆ ಕೇಳಿ: ನನ್ನದು ಯಾವ ಬಗೆಯ ಬಡಿತದೋಷ? ನನ್ನ ವಾಲ್ವ್, ಹೃದಯದ ಕೋಣೆ ಹೇಗಿದೆ? ನನ್ನಂಥವರಿಗೆ ನಿಮ್ಮ ಕೈಯಲ್ಲಿ ಒಂದು ವರ್ಷದ ಫಲ ಎಷ್ಟು? ಎರಡನೇ ಸಲ ಬೇಕಾಗಬಹುದಾ? ಮಾಡಿಸದೆ ಮಾತ್ರೆಯಲ್ಲೇ ಇದ್ದರೆ ಏನಾಗುತ್ತದೆ? ಕೊನೆಗೆ, ಅದು ಗೆಲ್ಲಬೇಕಾದರೆ ನಾನು ಏನು ಮಾಡಬೇಕು?

ಈ ಕೊನೆಯ ಪ್ರಶ್ನೆ ಕೇಳುವವರು ಕಡಿಮೆ ಮಾರಾಯ್ರೆ. ಫಲ ಕೈಗೆ ಹತ್ತುವುದು ಹೆಚ್ಚಾಗಿ ಅವರಿಗೇ.